ಒಂದು ಪೌಂಡಿನ ಸ್ವತ್ತು

ಒಂದು ಪೌಂಡಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಕಾಫಿ ಕೂಡ ಸಿಗದು. ಮಗನ ಮನೆಗೆಂದು ಮ್ಯಾಂಚೆಸ್ಟರಿಗೆ ಹೋದಾಗ ಜೇಬು ಕಲಿಸಿದ ಪಾಠವಿದು. ಆದರೆ ನೆರೆಯ ಬರಿ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬು 2018ರ ಡಿಸೆಂಬರಿನಲ್ಲಿ ಮಾರಾಟವಾದದ್ದು ಅದೇ ಒಂದು ಪೌಂಡಿಗೆ!

ಹೆಸರು ಬರಿಯಾದರೂ ಚರಿತ್ರೆ ಬರಿದಲ್ಲ. 1885ರಲ್ಲಿ ಹುಟ್ಟಿದ ಕ್ಲಬ್ಬು. 1900ರಲ್ಲೂ 1903ರಲ್ಲೂ ಎಫ್.ಎ. ಕಪ್ ಗೆದ್ದಿತ್ತು. ಎರಡನೆಯ ಸಲ ಡರ್ಬಿ ಕೌಂಟಿಯನ್ನು ಸೋಲಿಸಿದ್ದು 6-0 ಗೋಲುಗಳಿಂದ. 2019ರಲ್ಲಿ ಆಟಗಾರರು ಸಂಬಳ ಬಾಕಿಯಿದ್ದರೂ ಆಡಿ ಮೇಲಿನ ದರ್ಜೆಗೇರಿದರು. ಸಾಲ ಅವರಿಗಿಂತಲೂ ಮೇಲೇರಿತ್ತು.

ಆಗಸ್ಟ್ 27, ಲೀಗಿನವರು ಕೊಟ್ಟ ಗಡುವಿನ ದಿನ. ಕುತೂಹಲದಿಂದ ಗಿಗ್ ಲೇನ್ ಮೈದಾನಕ್ಕೆ ಹೋದೆ. ಅಳುವವರನ್ನು ಕಾಣುವೆನೆಂದುಕೊಂಡಿದ್ದೆ, ಕಂಡದ್ದು ಪೊರಕೆ ಹಿಡಿದ ಜನರನ್ನು. ಕುರ್ಚಿ ಒರೆಸುತ್ತಿದ್ದ ವೃದ್ಧೆಯೊಬ್ಬರನ್ನು ಇದೇಕೆಂದು ಕೇಳಿದೆ.

“ಶನಿವಾರ ಆಟವಿದೆಯಲ್ಲ,” ಎಂದರು, ತಲೆಯೆತ್ತದೆ.

ಮನೆ ಸಾಹುಕಾರನಲ್ಲಿ ಅಡವಿದ್ದಾಗಲೂ ಹಬ್ಬದ ಹಿಂದಿನ ದಿನ ಅಂಗಳ ಸಾರಿಸುತ್ತಿದ್ದ ನಮ್ಮಜ್ಜಿ ನೆನಪಾದಳು.

ಆ ರಾತ್ರಿಯೇ ಕ್ಲಬ್ಬನ್ನು ಲೀಗಿನಿಂದ ಹೊರಹಾಕಿದರು. 125 ವರ್ಷಗಳ ನಂಟು ಹರಿಯಿತು. ಶನಿವಾರದ ಆಟ ನಡೆಯಲಿಲ್ಲ.

ಆದರೆ 2022ರಲ್ಲಿ ಅಭಿಮಾನಿಗಳ ಸಂಘವೊಂದು ಸರ್ಕಾರದ ನೆರವನ್ನೂ ಪಡೆದು ಮೈದಾನವನ್ನು ಕೊಂಡಿತು. 2023ರಲ್ಲಿ, ಬಹಳ ಕೆಳಗಿನ ದರ್ಜೆಯಲ್ಲಿ, ಬರಿಯ ಹೆಸರಿನ ತಂಡ ಅಲ್ಲಿ ಮತ್ತೆ ಆಡಿತು. ಸುದ್ದಿ ಓದಿದಾಗ ಆ ವೃದ್ಧೆಯದೇ ನೆನಪು. ಅವರು ಒರೆಸಿದ ಕುರ್ಚಿಯಲ್ಲಿ ಅಂದು ಯಾರೋ ಕುಳಿತಿರಬೇಕು. ಅವರೇ ಕುಳಿತಿದ್ದರೆಂದು ನಂಬಲು ನನಗಿಷ್ಟ.