ಸಹಿಗೆ ಮುಂಚಿನ ಇಂಗ್ಲಿಷು

ನಮಗೆ ಇಂಗ್ಲಿಷು ಬರಲ್ಲ ಅಂತಾರೆ. ಯಾವ ಇಂಗ್ಲಿಷು? ಲೇತಿನ ಚಕ್ಕು, ಟೂಲ್‌ಪೋಸ್ಟು, ವರ್ನಿಯರ್ರು, ಟಾಲರೆನ್ಸು ಇವೆಲ್ಲ ದಿನಾ ನಮ್ಮ ಬಾಯಲ್ಲಿ ಓಡಾಡೋ ಮಾತುಗಳೇ. ಎಂ10 ಟ್ಯಾಪಿಗೆ 8.5 ಮಿಲಿಮೀಟರ್ ಡ್ರಿಲ್ಲು ಅಂತ ನಮ್ಮ ಫಿಟ್ಟರ್ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ.

ಐಟಿಐಗಳಲ್ಲಿ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅನ್ನೋ ಪಾಠದೊಳಗೆ ಇಂಗ್ಲಿಷನ್ನೂ ಸೇರಿಸಿದ್ದಾರೆ. ನಾವು ಓದಿದ ಕಡೆ ಅದು ಬರೀ ಇಂಟರ್‌ವ್ಯೂ ಬಾಯಿಪಾಠ. ಹೆಸರು ಹೇಳು, ಊರು ಹೇಳು, ಅಪ್ಪನ ಉದ್ಯೋಗ ಹೇಳು, ಹಾಬಿ ಹೇಳು. ಅಪ್ಪನ ಉದ್ಯೋಗಕ್ಕೆ ಬಂದಾಗ ಕೇರಿಯ ಹುಡುಗರ ನಾಲಿಗೆ ತಡವರಿಸುತ್ತಿತ್ತು. ಮೇಷ್ಟ್ರು ಅದನ್ನು ಗ್ರಾಮರಿನ ತಪ್ಪು ಅಂದುಕೊಂಡರು. ಉಳಿ, ರಂಪಿಗೆ ಹಿಡಿದವರ ಮನೆಯಲ್ಲಿ ಹಾಬಿ ಎಲ್ಲಿಂದ ಬರಬೇಕು ಸ್ವಾಮಿ?

ಅಪ್ರೆಂಟಿಸ್ ಆಗಿ ಸೇರಿದ ದಿನವೇ ಕಾಗದ ಮುಂದಿಟ್ಟರು. 1961ರ ಕಾಯ್ದೆಯ ಕರಾರು, ಪೂರಾ ಇಂಗ್ಲಿಷು. ಓದಿ ಹೇಳಿ ಸಾರ್ ಅಂದರೆ, 'ಹಿಂದೆ ಕ್ಯೂ ನೋಡಯ್ಯ' ಅಂದರು. ಸ್ಟೈಪೆಂಡು ಎಷ್ಟು, ಎಷ್ಟು ತಿಂಗಳು, ಮಧ್ಯೆ ಬಿಟ್ಟರೇನು, ಎಲ್ಲ ಅದರೊಳಗಿತ್ತು. ಆ ಕಾಗದ ಒಂದು ದಿನವೂ ನಮ್ಮ ಕ್ಲಾಸಿಗೆ ಬಂದಿರಲಿಲ್ಲ. ಸ್ವಿಚ್ಚಿಗೆ ನೇತುಹಾಕುವ 'ಡು ನಾಟ್ ಆಪರೇಟ್' ಚೀಟಿಯೂ ಬಂದಿರಲಿಲ್ಲ. ಅದನ್ನು ಓದಲಾರದೆ ಸ್ವಿಚ್ಚು ಹಾಕಿದರೆ ಅತ್ತ ಲೈನಿನ ಮೇಲಿರುವವನ ಜೀವ ಹೋಗುತ್ತದೆ.

ಕಾರ್ಖಾನೆಯ ಸ್ಟ್ಯಾಂಡಿಂಗ್ ಆರ್ಡರುಗಳನ್ನು ಇಂಗ್ಲಿಷಿನಲ್ಲೂ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬೋರ್ಡಿಗೆ ಹಾಕಬೇಕೆಂದು 1946ರ ಕಾಯ್ದೆಯ 9ನೇ ಕಲಮು ಹೇಳಿತ್ತು. ಅಂಥ ಬೋರ್ಡಿನ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಹುಡುಗರು ಇಂಗ್ಲಿಷೂ ಕಲಿಯುತ್ತಾರೆ, ಹಕ್ಕೂ ಕಲಿಯುತ್ತಾರೆ. ಬಹುಶಃ ಎರಡನೆಯದಕ್ಕೇ ಹೆದರಿಕೆ.

ಇನ್ನೊಂದು ಮಾತು. ಕಸುಬಿಗೆ ಬೇಕಾದಷ್ಟು ಇಂಗ್ಲಿಷು ಸಾಕು ಅನ್ನುವವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಬೇಕಾದಷ್ಟು ಎಷ್ಟು ಅಂತ ಅಳೆಯುವವರು ಯಾರು? ಮಾಲೀಕ ಅಳೆದರೆ 'ಎಸ್ ಸಾರ್' ಒಂದೇ ಸಾಕು. ಶಾಲೆಯಲ್ಲಿ ಸಂಸ್ಕೃತ ಓದಬೇಕೆಂದ ಅಂಬೇಡ್ಕರರಿಗೆ ಅದನ್ನು ಕೊಡದೆ ಪರ್ಶಿಯನ್ ಓದಿಸಿದರು. ಅಳತೆಗೋಲು ಆಗಲೂ ಬೇರೆಯವರ ಕೈಲೇ ಇತ್ತು. ಡ್ರಾಯಿಂಗ್ ಓದುವಷ್ಟು ಬೇಕು ನಿಜ; ಆ ಡ್ರಾಯಿಂಗ್ ತಪ್ಪಿದೆ ಅಂತ ಇಂಜಿನಿಯರಿಗೆ ಬರೆದು ತಿಳಿಸುವಷ್ಟೂ ಬೇಕು.

ಈಗ ಭಾನುವಾರ ಕೇರಿಯಲ್ಲಿ ನಾವೇ ಕೂರುತ್ತೇವೆ. ಪುಸ್ತಕ ಇಲ್ಲ, ಪೇ ಸ್ಲಿಪ್ಪೇ ಪಾಠ. ಬೇಸಿಕ್ ಎಷ್ಟು, ಪಿಎಫ್ ಎಷ್ಟು ಹಿಡಿದರು, ಓವರ್‌ಟೈಮು ಎಲ್ಲಿ ಹೋಯಿತು. ಹೋದ ವಾರ ವೆಲ್ಡರ್ ಹುಡುಗನೊಬ್ಬ ಗುತ್ತಿಗೆದಾರ ಕೊಟ್ಟ ಕಾಗದ ತಂದಿದ್ದ. 'ವಿತೌಟ್ ನೋಟಿಸ್ ಅಂದ್ರೆ ಏನಣ್ಣ?' ಅಂದ. ಹೇಳಿದೆವು. ಸಹಿ ಹಾಕದೆ ಮಡಚಿ ಜೇಬಿಗಿಟ್ಟುಕೊಂಡ.