ಪೆಟ್ಟಿಗೆ ಮಕ್ಕಳೇ ತುಂಬಲಿ

ಪಿಯುಸಿ ಫಲಿತಾಂಶ ಬಂದು, ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿದು, ಯಾವ ಊರು, ಯಾವ ಕಾಲೇಜು ಎಂಬುದು ಖಾತ್ರಿಯಾದ ಮೇಲೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಒಮ್ಮೆ ಹೋಗಿ ನೋಡಬೇಕು. ತಾಯಂದಿರ ಕೈಯಲ್ಲಿ ಹೊಸ ಬಕೆಟ್ಟು. ಅದರೊಳಗೆ ಮಗ್ಗು, ಹ್ಯಾಂಗರು, ಬಟ್ಟೆಗೆ ಹಾಕುವ ಕ್ಲಿಪ್ಪು, ನೈಲಾನ್ ಹಗ್ಗ, ಒಂದು ಬೀಗ. ಪಕ್ಕದಲ್ಲಿ ಮೊಬೈಲಿನಲ್ಲಿ ಪಟ್ಟಿ ಹಿಡಿದು ನಿಂತ ಮಗನೋ ಮಗಳೋ. ಅಂಗಡಿಯವರು ಕೂಡಲೇ ಗುರುತು ಹಿಡಿಯುತ್ತಾರೆ. “ಹಾಸ್ಟೆಲ್‌ಗೇನ್ರಿ ಅಕ್ಕಾರ?” ಎಂದು ಕೇಳಿ, ನಾವು ಹೇಳದಿದ್ದ ಸೂಜಿ-ದಾರದ ಡಬ್ಬಿಯನ್ನೂ ಸೇಫ್ಟಿ ಪಿನ್ನನ್ನೂ ತಾವೇ ತೆಗೆದಿಡುತ್ತಾರೆ.

ನನ್ನ ಮಗಳಿಗೆ ಸೀಟು ಸಿಕ್ಕಿದ್ದು ಮೈಸೂರಿನಲ್ಲಿ. ಸುದ್ದಿ ತಿಳಿದ ಮರುಗಳಿಗೆಯಿಂದ ಮನೆಯಲ್ಲಿ ಎರಡು ಪಟ್ಟಿ ಬೆಳೆದವು. ಅವಳದು ಚಿಕ್ಕದು, ನನ್ನದು ದೊಡ್ಡದು. ನನ್ನ ಪಟ್ಟಿಯಲ್ಲಿ ಜ್ವರದ ಮಾತ್ರೆ, ಅಮೃತಾಂಜನ, ಕೊಬ್ಬರಿ ಎಣ್ಣೆ, ಸೊಳ್ಳೆ ಪರದೆ, ಸ್ವೆಟರು, ಛತ್ರಿ, ಟಾರ್ಚು ಎಲ್ಲವೂ ಇದ್ದವು. ಅವಳದನ್ನು ಓದಿದರೆ ಎಕ್ಸ್‌ಟೆನ್ಷನ್ ಬಾಕ್ಸು, ಇಯರ್‌ಫೋನು, ಕ್ಯಾಲ್ಕುಲೇಟರು, ಎರಡು ಜೊತೆ ಚಪ್ಪಲಿ. “ಅವ್ವಾ, ಇಷ್ಟೆಲ್ಲಾ ಯಾರ್ ಹೊರ್ತಾರ?” ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ರೈಲಿನ ಸ್ಲೀಪರ್ ಬೋಗಿಯಲ್ಲಿ ತಲಾ 40 ಕೆಜಿ ಸಾಮಾನು ಉಚಿತ, ಒಪ್ಪಿದೆ. ಆದರೆ ಸ್ಟೇಷನ್ನಿನಿಂದಾಚೆಗೆ, ಹಾಸ್ಟೆಲಿನ ಮೆಟ್ಟಿಲ ಬುಡದಿಂದ ಮೂರನೇ ಮಹಡಿಯವರೆಗೆ ಅದನ್ನು ಸಾಗಿಸಬೇಕಾದವಳು ಅವಳೇ. ಸೆಮಿಸ್ಟರ್ ಮುಗಿದು ಕೋಣೆ ಬದಲಾದಾಗ ಮತ್ತೆ ಇಳಿಸಬೇಕಾದವಳೂ ಅವಳೇ. ತಾನೊಬ್ಬಳೇ ಎತ್ತಬಲ್ಲಷ್ಟು ಸಾಮಾನು ಎಂಬ ಅಳತೆಗೆ ನಾವು ಅಂದೇ ಒಪ್ಪಿಕೊಂಡೆವು.

ಎಲ್ಲಕ್ಕಿಂತ ಮೊದಲು ತುಂಬಬೇಕಾದದ್ದು ಬಟ್ಟೆಯಲ್ಲ, ಫೈಲು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಸೀಟು ಹಂಚಿಕೆಯ ಆದೇಶ, ಶುಲ್ಕ ಕಟ್ಟಿದ ರಸೀದಿ, ಆಧಾರ್. ಇವುಗಳ ಮೂಲ ಪ್ರತಿ ಒಂದು ಕವರಿನಲ್ಲಿ, ಜೆರಾಕ್ಸ್ ಇನ್ನೊಂದರಲ್ಲಿ, ಪಾಸ್‌ಪೋರ್ಟ್ ಅಳತೆಯ ಒಂದಷ್ಟು ಫೋಟೋ. ಇದರ ಜೊತೆಗೆ ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆ. ಯುಜಿಸಿಯ 2009ರ ನಿಯಮದ ಪ್ರಕಾರ ವಿದ್ಯಾರ್ಥಿಯೂ ಬರೆದುಕೊಡಬೇಕು, ಪಾಲಕರೂ ಬರೆದುಕೊಡಬೇಕು. ಅದಕ್ಕೆ ಸುಮ್ಮನೆ ಸಹಿ ಹಾಕಿ ಕಳಿಸುವುದಕ್ಕಿಂತ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಒಂದು ಸಲ ಪೂರ್ತಿ ಓದಿಸುವುದು ಒಳ್ಳೆಯದು. ತನಗೆ ಯಾರಾದರೂ ತೊಂದರೆ ಕೊಟ್ಟರೆ ಎಲ್ಲಿ ಹೇಳಬೇಕು, ತಾನು ಇನ್ನೊಬ್ಬರಿಗೆ ತೊಂದರೆ ಕೊಟ್ಟರೆ ಏನಾಗುತ್ತದೆ, ಎರಡೂ ಹೊರಡುವ ಮೊದಲೇ ತಿಳಿದಿರಬೇಕು.

ಹಾಸಿಗೆಯ ವಿಚಾರದಲ್ಲಿ ಅವಸರ ಬೇಡ. ಹಾಸ್ಟೆಲಿನ ಕಬ್ಬಿಣದ ಮಂಚ ಮನೆಯ ಮಂಚದಂತಲ್ಲ. ಉದ್ದ ಆರಡಿ ಇದ್ದರೂ ಅಗಲ ಮೂರಡಿ, ಕೆಲವೆಡೆ ಅದಕ್ಕೂ ಕಡಿಮೆ. ಕೆಲವು ಹಾಸ್ಟೆಲುಗಳಲ್ಲಿ ಹಾಸಿಗೆ ಅವರೇ ಕೊಡುತ್ತಾರೆ. ವಾರ್ಡನ್ ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಂಡರೆ ಸಾಕು. ಕೊಡುವುದಿಲ್ಲವೆಂದರೂ ಹಾಸಿಗೆ ಹೊತ್ತೊಯ್ಯುವ ಅಗತ್ಯವಿಲ್ಲ. ಕಾಲೇಜು ಇರುವ ಊರಿನಲ್ಲಿ ಹಾಸಿಗೆ ಅಂಗಡಿ ಇದ್ದೇ ಇರುತ್ತದೆ. ಮಂಚದ ಅಳತೆ ತೆಗೆದುಕೊಂಡು ಹೋಗಿ ಅಲ್ಲೇ ತರಬಹುದು.

ಇಲ್ಲಿಂದಲೇ ಒಯ್ಯಬೇಕಾದದ್ದು ಕೌದಿ. ನಮ್ಮ ಅತ್ತೆ ಹೊಲಿದಿಟ್ಟ ಕೌದಿಯೊಂದು ಮಗಳ ಪಾಲಿಗೆ ಬಂತು. ಒಳಗೆ ನಾಲ್ಕು ಪದರ ಹಳೇ ಸೀರೆ. ಮೇಲೆ ಅವರದೇ ಇಳಕಲ್ ಸೀರೆಯ ತುಂಡು, ನನ್ನ ಮದುವೆಯ ಹೊಸದರಲ್ಲಿ ಉಟ್ಟ ವಾಯಲ್ ಸೀರೆಯ ತುಂಡು, ಮಗಳ ಪ್ರೈಮರಿ ಶಾಲೆಯ ನೀಲಿ ಯೂನಿಫಾರ್ಮಿನ ಚೌಕ. ಅಂಚಿನಿಂದ ಹಿಡಿದು ನಡುವಿನವರೆಗೆ ಸುತ್ತು ಸುತ್ತಾಗಿ ಬಂದ ಹೊಲಿಗೆ. ಕಣ್ಣು ಮಂಜಾದ ಮೇಲೆ ಹಾಕಿದ ಸಾಲುಗಳಲ್ಲಿ ಅದು ಸ್ವಲ್ಪ ಸೊಟ್ಟ. “ಮೈಸೂರಾಗ ಥಂಡಿ ಭಾಳ ಇರ್ತೈತಿ, ಹೊತ್ಕೊಳವ್ವ. ಒಗ್ಯಾಕ ಭಾರ ಆಗ್ತೈತಿ, ಗೆಳತ್ಯಾರ್ನ ಕರ್ಕೊಂಡು ಹಿಂಡು” ಎಂದರು ಅಜ್ಜಿ. ಒಬ್ಬರಿಂದ ಹಿಂಡಲಾಗದ ಕೌದಿ ಕೋಣೆಯವರನ್ನೆಲ್ಲ ಒಂದುಗೂಡಿಸುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು.

ತಿನಿಸಿನ ಚೀಲಕ್ಕೂ ಒಂದು ಲೆಕ್ಕವಿದೆ. ಹೆಂಚಿನ ಮೇಲೆ ಗರಿಗರಿಯಾಗಿ ಒಣಗಿಸಿದ ಖಡಕ್ ರೊಟ್ಟಿ, ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳನ್ನು ಕುಟ್ಟಿದ ಮೇಲೆ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಒದ್ದೆ ಚಮಚ ಹಾಕಬಾರದು ಎಂದು ಡಬ್ಬಿಯ ಮೇಲೆಯೇ ಬರೆದಂಟಿಸಿದೆ. ಕಟ್ಟುವಾಗ ಒಬ್ಬಳಿಗೆಂದು ಕಟ್ಟಬಾರದು. ಹಾಸ್ಟೆಲಿನಲ್ಲಿ ಡಬ್ಬಿ ತೆರೆದ ಸದ್ದಿಗೆ ನಾಲ್ಕು ಕೋಣೆಗಳ ಬಾಗಿಲು ತೆರೆಯುತ್ತವೆ, ತೆರೆಯಲೂಬೇಕು. ಅಲ್ಲಿ ಮಲೆನಾಡಿನ ಹುಡುಗಿ ಅಪ್ಪೆಮಿಡಿ ಉಪ್ಪಿನಕಾಯಿ ತಂದಿರುತ್ತಾಳೆ, ಮಂಗಳೂರಿನವಳು ಬಾಳೆಕಾಯಿ ಚಿಪ್ಸ್ ತಂದಿರುತ್ತಾಳೆ. ಕನ್ನಡನಾಡಿನ ಊಟದ ಪಾಠ ನಡೆಯುವುದು ಅಲ್ಲೇ.

ಬೇಡವಾದದ್ದನ್ನೂ ಹೇಳಬೇಕು. ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆಗಳನ್ನು ಬಹಳಷ್ಟು ಹಾಸ್ಟೆಲುಗಳು ಒಳಗೆ ಬಿಡುವುದಿಲ್ಲ. ಕೋಣೆಯ ವೈರಿಂಗು ಅಷ್ಟು ಲೋಡು ತಡೆಯುವುದಿಲ್ಲ. ಬಂಗಾರದ ಒಡವೆ ಮನೆಯಲ್ಲೇ ಇರಲಿ. ಹತ್ತು ಜೊತೆ ಹೊಸ ಬಟ್ಟೆಯೂ ಬೇಡ, ಇಡಲು ಅರ್ಧ ಕಪಾಟಷ್ಟೇ ಸಿಗುತ್ತದೆ. ಇನ್ನೂ ಒಂದು ಕಾರಣವಿದೆ. ಒಂದೇ ಕೋಣೆಗೆ ಮೂರು ಮನೆಗಳ ಮಕ್ಕಳು ಬರುತ್ತಾರೆ. ಒಬ್ಬಳ ತಂದೆ ಡಾಕ್ಟರು, ಒಬ್ಬಳ ತಾಯಿ ಅಂಗನವಾಡಿ ಕಾರ್ಯಕರ್ತೆ, ಇನ್ನೊಬ್ಬಳ ಮನೆಯವರು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವವರು. ನಮ್ಮ ಪೆಟ್ಟಿಗೆ ತೆರೆದಾಗ ಪಕ್ಕದ ಮಂಚದ ಮಗು ತನ್ನ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುವಂತೆ ಆಗಬಾರದು.

ಈ ನಾಡಿನಲ್ಲಿ ಹಾಸ್ಟೆಲ್ ಎಂಬುದು ಬೆಳೆದದ್ದೇ ಹಂಚಿ ತಿನ್ನುವ ಪದ್ಧತಿಯಿಂದ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದ ಮೇಲೆ ಓದಿದವರು ನಮ್ಮ ಹಿಂದಿನ ತಲೆಮಾರುಗಳಲ್ಲಿ ಎಷ್ಟೋ ಮಂದಿ. ತುಮಕೂರಿನ ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯದ ಆಸರೆಯಿಂದ ಓದಿ ಮೇಲೆ ಬಂದವರು ಊರೂರಲ್ಲಿ ಸಿಗುತ್ತಾರೆ. ಒಂದು ಟ್ರಂಕು, ಒಂದು ತಟ್ಟೆ, ಒಂದು ಚಾದರದಲ್ಲಿ ಅವರ ಸಾಮಾನು ಮುಗಿಯುತ್ತಿತ್ತು. ಅಷ್ಟರಲ್ಲೇ ಅವರು ಡಾಕ್ಟರಾದರು, ಮಾಸ್ತರರಾದರು, ಸಾಹೇಬರಾದರು. ಬಡತನವನ್ನು ಹೊಗಳಬೇಕಿಲ್ಲ. ಆದರೆ ಓದುವುದಕ್ಕೆ ಬೇಕಾದ ಸಾಮಾನು ಕಡಿಮೆಯೇ ಎಂಬುದಕ್ಕೆ ಅವರ ಬಾಳು ಸಾಕ್ಷಿ.

ಹಾಗಾದರೆ ಮಕ್ಕಳ ಜೊತೆಗೆ ಹೆಚ್ಚು ಕಳಿಸಬೇಕಾದದ್ದು ಏನು? ಕೈಗೆ ಹತ್ತಿದ ಕೆಲಸ. ಬಣ್ಣ ಬಿಡುವ ಬಟ್ಟೆಯನ್ನು ಬೇರೆ ನೆನೆಹಾಕುವುದು, ಗುಂಡಿ ಹಚ್ಚುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು, ತಿಂಗಳ ಖರ್ಚು ಬರೆದಿಡುವುದು, ಮೈ ಬಿಸಿಯಾದರೆ ಎರಡು ದಿನ ಮುಚ್ಚಿಡದೆ ಡಾಕ್ಟರ ಹತ್ತಿರ ಹೋಗುವುದು, ಬೇಜಾರಾದರೆ ಮನೆಗೆ ಫೋನು ಮಾಡಿ ಬಾಯಿಬಿಟ್ಟು ಹೇಳುವುದು. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೊರಡುವ ಹಿಂದಿನ ರಾತ್ರಿ ತುಂಬಿ ಕಳಿಸಲೂ ಬರುವುದಿಲ್ಲ. ಸೀಟು ಸಿಕ್ಕ ದಿನದಿಂದ ಹೊರಡುವ ದಿನದವರೆಗಿನ ಬಿಡುವನ್ನು ನಾವು ಇದಕ್ಕೆ ಬಳಸಿದೆವು. ಮಗಳು ತನ್ನ ಬಟ್ಟೆ ತಾನೇ ಒಗೆದಳು, ಪೇಟೆಯಲ್ಲಿ ತಾನೇ ಚೌಕಾಸಿ ಮಾಡಿದಳು, ಕೊನೆಗೆ ಪೆಟ್ಟಿಗೆಯನ್ನೂ ತಾನೇ ತುಂಬಿದಳು. ಯಾವುದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕೋಣೆ ತಲುಪಿದ ಮೇಲೆ ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ ಎಂದು ನನ್ನನ್ನು ಕೇಳಬೇಕಾಗಲಿಲ್ಲ.

ಈ ವರ್ಷ ಮಕ್ಕಳನ್ನು ಹಾಸ್ಟೆಲಿಗೆ ಕಳಿಸುತ್ತಿರುವ ತಂದೆ-ತಾಯಂದಿರಲ್ಲಿ ನನ್ನದೊಂದು ಮಾತು. ಪಟ್ಟಿ ಮಕ್ಕಳೇ ಬರೆಯಲಿ, ಪೆಟ್ಟಿಗೆ ಮಕ್ಕಳೇ ತುಂಬಲಿ. ನಾವು ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು. ಏನಾದರೂ ಮರೆತು ಹೋದರೆ ಅಲ್ಲಿ ಕೊಳ್ಳಲಿ, ಇಲ್ಲವೇ ಪಕ್ಕದ ಕೋಣೆಯಲ್ಲಿ ಕೇಳಿ ಪಡೆಯಲಿ. ಕೇಳುವುದನ್ನೂ ಕೊಡುವುದನ್ನೂ ಕಲಿಯದೆ ಹಾಸ್ಟೆಲಿನ ಓದು ಪೂರ್ತಿಯಾಗುವುದಿಲ್ಲ.