ಭಾರ ಹೊತ್ತ ಕಾಲು

ಮನೆಯೊಡತಿಗೆ ಜ್ವರ ಬಂದ ದಿನ ಮನೆಯ ನಿಜಸ್ಥಿತಿ ಹೊರಬೀಳುತ್ತದೆ. ಅದುವರೆಗೆ ತಾನಾಗಿಯೇ ನಡೆಯುತ್ತಿರುವಂತೆ ತೋರುತ್ತಿದ್ದ ಸಂಸಾರ ಅಂದು ಬೆಳಗಿನ ಏಳು ಗಂಟೆಗೇ ನಿಂತುಬಿಡುತ್ತದೆ. ಕಾಫಿಪುಡಿಯ ಡಬ್ಬಿ ಎಲ್ಲಿದೆಯೆಂಬುದು ಯಜಮಾನರಿಗೆ ತಿಳಿಯದು. ಹಾಲಿನವನ ಲೆಕ್ಕ ಮಗನಿಗೆ ತಿಳಿಯದು. ಸಾರಿಗೆ ಉಪ್ಪು ಎಷ್ಟೆಂಬುದು ಕಾಲೇಜಿಗೆ ಹೋಗುವ ಮಗಳಿಗೂ ತಿಳಿಯದು. “ಅಮ್ಮಾ, ನೀನು ಏಳಬೇಡ, ಸುಮ್ಮನೆ ಮಲಗಿರು” ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಿದವರೇ ಅರ್ಧ ಗಂಟೆಯಲ್ಲಿ ಮೂರು ಸಲ ಕೋಣೆಯ ಬಾಗಿಲಿಗೆ ಬಂದು, “ಅಮ್ಮಾ, ಹುಣಿಸೆಹಣ್ಣು ಎಲ್ಲಿಟ್ಟಿದ್ದೀಯೆ?” ಎಂದು ಕೇಳುತ್ತಾರೆ. ಕಡೆಗೆ ಆಕೆ ತಲೆಗೊಂದು ಬಟ್ಟೆ ಬಿಗಿದುಕೊಂಡು ಎದ್ದು ಬರುತ್ತಾಳೆ. ಒಲೆ ಹೊತ್ತಿಕೊಳ್ಳುತ್ತದೆ. ಅಂದಿನ ಸಾರು ಎಂದಿಗಿಂತಲೂ ರುಚಿಯಾಗಿರುತ್ತದೆ. ಎಲ್ಲರೂ ಆಕೆಯ ತ್ಯಾಗವನ್ನು ಕೊಂಡಾಡುತ್ತ ಇನ್ನೆರಡು ತುತ್ತು ಹೆಚ್ಚಾಗಿಯೇ ಉಣ್ಣುತ್ತಾರೆ.

ಇದು ನಾಲ್ಕು ಗೋಡೆಗಳ ನಡುವಣ ಮಾತಾಯಿತು. ಆದರೆ ತೊಂಬತ್ತನಾಲ್ಕು ಸಾವಿರ ಪ್ರೇಕ್ಷಕರ ಕಣ್ಣೆದುರಿನಲ್ಲಿಯೂ ಒಮ್ಮೆ ಇದೇ ಕಥೆ ನಡೆದುಹೋಯಿತು. 1994ನೆಯ ಇಸವಿ ಜುಲೈ 17, ಅಮೆರಿಕದ ಪ್ಯಾಸಡೀನಾ ನಗರದ ರೋಸ್ ಬೌಲ್ ಕ್ರೀಡಾಂಗಣ, ನಡುಹಗಲಿನ ಉರಿಬಿಸಿಲು. ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯಕ್ಕಾಗಿ ಇಟಲಿ ಮತ್ತು ಬ್ರೆಜಿಲ್ ತಂಡಗಳು ಎದುರುಬದುರಾಗಿ ನಿಂತಿದ್ದುವು. ಇಟಲಿಯ ಸಾಲಿನ ಮುಂದೆ ನಾಯಕನಾಗಿ ನಿಂತವನು ಫ್ರಾಂಕೊ ಬರೇಸಿ. ವಯಸ್ಸು ಮೂವತ್ತನಾಲ್ಕು. ಇಪ್ಪತ್ತನಾಲ್ಕು ದಿನಗಳ ಹಿಂದೆಯಷ್ಟೆ ಅವನ ಮಂಡಿಯೊಳಗಿನ ಮೆಲುಮೂಳೆ ಹರಿದಿತ್ತು. ಅದಕ್ಕೆ ಶಸ್ತ್ರಚಿಕಿತ್ಸೆಯೂ ಆಗಿತ್ತು.

ಇಂಥವನನ್ನು ಕರೆದು ನಿಲ್ಲಿಸಲು ಅಂಥ ಅಗತ್ಯವೇನಿತ್ತು? ಅದನ್ನು ತಿಳಿಯಬೇಕಾದರೆ ರಕ್ಷಣೆಯ ಆಟಗಾರರ ಕೆಲಸವೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಮುಂದೆ ನುಗ್ಗಿ ಗೋಲು ಹೊಡೆಯುವವನು ಒಂಟಿಯಾಗಿ ಮೆರೆಯಬಲ್ಲ. ಹಿಂದೆ ನಿಂತು ತಡೆಯುವ ನಾಲ್ವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ಒಂದೇ ದಾರದಲ್ಲಿ ಕೋದ ಮಣಿಗಳಂತೆ ಒಟ್ಟಾಗಿ ಮುಂದೆ ಸರಿಯಬೇಕು, ಒಟ್ಟಾಗಿ ಹಿಂದೆ ಸರಿಯಬೇಕು. ನಾಲ್ವರೂ ಒಂದೇ ಕ್ಷಣದಲ್ಲಿ ಮುಂದೆ ಹೆಜ್ಜೆಯಿಟ್ಟರೆ ಎದುರಾಳಿ ಆಫ್‌ಸೈಡಿನ ಬಲೆಗೆ ಬೀಳುತ್ತಾನೆ. ಒಬ್ಬನು ಅರೆಕ್ಷಣ ತಡಮಾಡಿದರೆ ಬಲೆಯೇ ಹರಿದುಹೋಗುತ್ತದೆ. ಆ ಹೆಜ್ಜೆ ಯಾವಾಗ ಎಂಬುದನ್ನು ಒಬ್ಬನು ಹೇಳಬೇಕು. ಮಿಲಾನ್ ಕ್ಲಬ್ಬಿನಲ್ಲಿಯೂ ಇಟಲಿಯ ತಂಡದಲ್ಲಿಯೂ ಹಾಗೆ ಹೇಳುತ್ತಿದ್ದವನು ಬರೇಸಿ. ಅವನು ಎತ್ತರದ ಆಳೂ ಅಲ್ಲ, ಮಹಾ ವೇಗಶಾಲಿಯೂ ಅಲ್ಲ. ಆದರೆ ಚೆಂಡು ಬರುವ ಮೊದಲೇ ಅದು ಬರುವ ಜಾಗವನ್ನು ಕಂಡುಕೊಳ್ಳುತ್ತಿದ್ದ. ತಸ್ಸೊತ್ತಿ, ಕೊಸ್ತಾಕುರ್ತಾ, ಬರೇಸಿ, ಮಾಲ್ದೀನಿ ಎಂಬ ನಾಲ್ವರು ಪಳಗಿದ್ದ ಮಿಲಾನ್ ತಂಡ 1993–94ರ ಇಟಲಿಯ ಲೀಗಿನಲ್ಲಿ 34 ಪಂದ್ಯಗಳನ್ನಾಡಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಕೇವಲ 15 ಗೋಲು. ಈ ನಾಲ್ವರನ್ನೂ ತರಬೇತುದಾರ ಆರಿಗೊ ಸಾಕ್ಕಿ ಅಮೆರಿಕಕ್ಕೆ ಕರೆದೊಯ್ದಿದ್ದ.

ಜೂನ್ 23ರಂದು ನಾರ್ವೆಯೊಡನೆ ಆಡುವಾಗ ಬರೇಸಿಯ ಮಂಡಿ ಕೈಕೊಟ್ಟಿತು. ಪಂದ್ಯಾವಳಿ ಅವನ ಪಾಲಿಗೆ ಮುಗಿಯಿತೆಂದೇ ಎಲ್ಲರೂ ಬಗೆದರು. ತಂಡವಾದರೋ ಮುಗಿಯಲಿಲ್ಲ. ಎಡಬದಿಯ ಮಾಲ್ದೀನಿ ಮುಂದೆ ನಡುವಿಗೆ ಬಂದು ನಿಂತ. ಮೆಕ್ಸಿಕೊ, ನೈಜೀರಿಯ, ಸ್ಪೇನ್, ಬಲ್ಗೇರಿಯ, ಈ ನಾಲ್ಕು ಪಂದ್ಯಗಳಲ್ಲಿ ಇಟಲಿ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಒಂದೊಂದೇ ಗೋಲು, ಒಂದರಲ್ಲಿಯೂ ಸೋಲಲಿಲ್ಲ. ಇದಕ್ಕೂ ಮೊದಲು, ಅದೇ ವರ್ಷದ ಮೇ 18ರಂದು ಅಥೆನ್ಸಿನಲ್ಲಿ ನಡೆದ ಯೂರೋಪಿನ ಕ್ಲಬ್ಬುಗಳ ಅಂತಿಮ ಪಂದ್ಯದಲ್ಲಿ ಬರೇಸಿಯೂ ಕೊಸ್ತಾಕುರ್ತಾನೂ ಇಬ್ಬರೂ ನಿಷೇಧಕ್ಕೊಳಗಾಗಿ ಹೊರಗಿದ್ದರು; ಬಾರ್ಸಿಲೋನಾದಂಥ ತಂಡವನ್ನು ಮಿಲಾನ್ ಒಂದು ಗೋಲನ್ನೂ ಕೊಡದೆ ನಾಲ್ಕು ಗೋಲುಗಳಿಂದ ಸೋಲಿಸಿತು. ಆಸರೆಯಿಲ್ಲದೆ ನಿಲ್ಲಬಲ್ಲೆವೆಂಬುದಕ್ಕೆ ಸಾಕ್ಷಿ ಕಣ್ಣೆದುರಿಗೇ ಇತ್ತು.

ಆದರೂ ಅಂತಿಮ ಪಂದ್ಯವೆಂದೊಡನೆ ಎಲ್ಲರ ಕಣ್ಣೂ ಬರೇಸಿಯ ಮಂಡಿಯತ್ತ ತಿರುಗಿತು. ಅದಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ. ತಸ್ಸೊತ್ತಿ ಸ್ಪೇನಿನ ಆಟಗಾರನೊಬ್ಬನಿಗೆ ಮೊಣಕೈಯಿಂದ ಹೊಡೆದು ನಿಷೇಧಕ್ಕೊಳಗಾಗಿದ್ದ. ಕೊಸ್ತಾಕುರ್ತಾ ಎರಡನೆಯ ಹಳದಿ ಚೀಟಿ ಪಡೆದು ಅಂತಿಮ ಪಂದ್ಯವನ್ನು ಕಳೆದುಕೊಂಡಿದ್ದ. ಅಪೊಲ್ಲೋನಿಯೆಂಬ ಇನ್ನೊಬ್ಬ ರಕ್ಷಕ ತಂಡದಲ್ಲಿದ್ದ; ಆದರೆ ಬರೇಸಿ ಎದ್ದು ನಡೆಯುತ್ತಿರುವಾಗ ಅಪೊಲ್ಲೋನಿಯನ್ನು ನೋಡುವವರಾರು? ಹಿಂದಿನ ಕಾಲದಲ್ಲಿ ಗಾಯಾಳುವನ್ನು ಆಡಿಸುವುದು ಅನಿವಾರ್ಯವಾಗಿತ್ತು. 1970ರವರೆಗೆ ವಿಶ್ವಕಪ್ಪಿನಲ್ಲಿ ಬದಲಿ ಆಟಗಾರನಿಗೆ ಅವಕಾಶವೇ ಇರಲಿಲ್ಲ. ಆ ವರ್ಷವೂ ಇಬ್ಬರಿಗೆ ಮಾತ್ರ. ಅದೇ 1970ರಲ್ಲಿ, ಮೆಕ್ಸಿಕೊ ನಗರದಲ್ಲಿ, ಪಶ್ಚಿಮ ಜರ್ಮನಿಯ ಬೆಕೆನ್‌ಬಾವರ್ ಭುಜದ ಕೀಲು ತಪ್ಪಿದ ಮೇಲೆಯೂ ತೋಳನ್ನು ಎದೆಗೆ ಕಟ್ಟಿಕೊಂಡು ಇಟಲಿಯ ವಿರುದ್ಧ ಕಡೆಯವರೆಗೆ ಆಡಿದ್ದು, ಬದಲಿಗಳಿಬ್ಬರೂ ಆಗಲೇ ಮುಗಿದುಹೋಗಿದ್ದುದರಿಂದ. ಪ್ಯಾಸಡೀನಾದಲ್ಲಿ ಆ ಕಟ್ಟುಪಾಡಿರಲಿಲ್ಲ. ಅಲ್ಲಿದ್ದುದು ಆಯ್ಕೆ.

ಇಲ್ಲಿ ನೀತಿಕಥೆ ಬರೆಯುವವನಿಗೆ ನಿರಾಶೆ ಕಾದಿದೆ. ಗಾಯಾಳುವನ್ನು ನೆಚ್ಚಿದ ತಂಡ ಆ ಗಾಯಾಳುವಿನಿಂದಲೇ ಕೆಟ್ಟಿತೆಂದು ಬರೆಯಲು ಬರುವಂತಿಲ್ಲ. ಬರೇಸಿ ಅಂದು ಅದ್ಭುತವಾಗಿ ಆಡಿದ. ರೊಮಾರಿಯೊ, ಬೆಬೆತೊ ಅವರಂಥ ಚತುರರನ್ನು ಹೆಜ್ಜೆಹೆಜ್ಜೆಗೂ ತಡೆದ. ತೊಂಬತ್ತು ನಿಮಿಷ ಕಳೆಯಿತು. ಹೆಚ್ಚಿನ ಮೂವತ್ತು ನಿಮಿಷವೂ ಕಳೆಯಿತು. ಬ್ರೆಜಿಲ್ಲಿಗೆ ಒಂದು ಗೋಲೂ ದೊರೆಯಲಿಲ್ಲ. ಕೊನೆಕೊನೆಗೆ ಸ್ನಾಯುಗಳು ಸೆಟೆದುಕೊಂಡು ಅವನು ನೆಲಕ್ಕೆ ಬೀಳುವಂತಾದರೂ ಗೋಡೆ ಮಾತ್ರ ಬಿರುಕುಬಿಡಲಿಲ್ಲ.

ಆಮೇಲೆ ಬಂದದ್ದು ಪೆನಾಲ್ಟಿ ಒದೆತಗಳ ಸರದಿ. ವಿಶ್ವಕಪ್ಪಿನ ಅಂತಿಮ ಪಂದ್ಯವೊಂದು ಹೀಗೆ ತೀರ್ಮಾನವಾಗಬೇಕಾಗಿ ಬಂದುದು ಅದೇ ಮೊದಲು. ಮೊದಲನೆಯ ಒದೆತಕ್ಕೆ ಯಾರು ಹೋಗಬೇಕು? ಆ ಬಿಸಿಲಿನಲ್ಲಿ ನೂರ ಇಪ್ಪತ್ತು ನಿಮಿಷ ಓಡಿದ, ಮಂಡಿಗೆ ಕತ್ತರಿ ತಾಗಿ ಇನ್ನೂ ತಿಂಗಳೂ ತುಂಬದ, ಸ್ನಾಯುಸೆಳೆತದಿಂದ ನರಳುತ್ತಿದ್ದ ಬರೇಸಿಯೇ ಹೋದ. ಒದ್ದ. ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿಹೋಯಿತು. ಇಟಲಿ ಮೂರಕ್ಕೆ ಎರಡರಿಂದ ಸೋತಿತು. ಮಸ್ಸಾರೊ ಒದ್ದುದನ್ನು ಬ್ರೆಜಿಲ್ಲಿನ ಗೋಲ್‌ಕೀಪರ್ ಹಿಡಿದಿದ್ದ; ತೊಡೆಯ ನೋವಿನಲ್ಲಿಯೇ ಆಡಿದ್ದ ರೊಬೆರ್ತೊ ಬಾಜಿಯೊನ ಕೊನೆಯ ಒದೆತವೂ ಮೇಲೆ ಹಾರಿತ್ತು. ಸೋಲು ಒಬ್ಬನದಲ್ಲ. ಆದರೆ ಬರೇಸಿ ಮಗುವಿನಂತೆ ಅತ್ತದ್ದನ್ನು ಲೋಕವೆಲ್ಲ ನೋಡಿತು.

ವಿಷಯದ ತಿರುಳಿರುವುದು ಇಲ್ಲಿಯೇ. ಭಾರ ಹೊತ್ತವನು ಕುಸಿದನೆಂಬುದು ದುಃಖವಲ್ಲ, ಅವನು ಕುಸಿಯಲಿಲ್ಲ. ಕುಸಿಯಲಿಲ್ಲವಾದ್ದರಿಂದಲೇ ಅವನ ಮೇಲೆ ಇನ್ನೊಂದು ಭಾರ ಬಂತು. ಹೊರಬಲ್ಲ ಹೆಗಲಿಗೆ ಹೊರೆ ಇಳಿಯುವುದೆಂಬುದಿಲ್ಲ. ಗೋಡೆಯನ್ನು ಕಾದವನೇ ನಾಯಕನೂ ಆಗಬೇಕು. ನಾಯಕನೇ ಮೊದಲ ಒದೆತಕ್ಕೂ ಹೋಗಬೇಕು. ಯಾರೂ ಅವನನ್ನು ಬಲವಂತಪಡಿಸಿರಲಾರರು. “ನಾನಿದ್ದೇನೆ” ಎಂದು ಮುಂದೆ ಬರುವುದು ಅಂಥವರ ಸ್ವಭಾವ. “ಹೇಗೂ ಅವನಿದ್ದಾನಲ್ಲ” ಎಂದು ಹಿಂದೆ ಸರಿಯುವುದು ಉಳಿದವರ ಸ್ವಭಾವ. ಈ ಎರಡು ಸ್ವಭಾವಗಳು ಕೂಡಿದಲ್ಲಿ ಗಾಯ ಮಾಯುವುದಕ್ಕೆ ಬಿಡುವೇ ದೊರೆಯದು.

ಅದೇ ದಿನ ಎದುರಿನ ತಂಡದಲ್ಲಿ ಇನ್ನೊಂದು ಪಾಠವಿತ್ತು. ಬ್ರೆಜಿಲ್ಲಿನ ರಕ್ಷಣೆಯ ನಡುವೆ ನಿಲ್ಲಬೇಕಾಗಿದ್ದವರು ರಿಕಾರ್ಡೊ ಗೋಮೆಸ್ ಮತ್ತು ರಿಕಾರ್ಡೊ ರೋಷಾ. ಗೋಮೆಸ್ ಪಂದ್ಯಾವಳಿಗೆ ಮೊದಲೇ ಗಾಯಗೊಂಡ. ರೋಷಾ ರಷ್ಯದೊಡನೆ ನಡೆದ ಮೊದಲನೆಯ ಪಂದ್ಯದಲ್ಲಿಯೇ ಗಾಯಗೊಂಡ. ಅವರ ಜಾಗಕ್ಕೆ ಮಾರ್ಸಿಯೊ ಸಾಂತೋಸ್ ಮತ್ತು ಆಲ್ದಯಿರ್ ಬಂದರು. ಬದಲಿಗೆ ಬಂದವರು ಬದಲಿಗಳಾಗಿ ಉಳಿಯಲಿಲ್ಲ. ಏಳು ಪಂದ್ಯಗಳಲ್ಲಿ ಬ್ರೆಜಿಲ್ ಕೊಟ್ಟ ಗೋಲುಗಳು ಮೂರೇ. ಪೆನಾಲ್ಟಿಯಲ್ಲಿ ಬ್ರೆಜಿಲ್ಲಿನ ಮೊದಲ ಒದೆತಕ್ಕೆ ಹೋದವನು ಈ ಮಾರ್ಸಿಯೊ ಸಾಂತೋಸನೇ. ಅವನೂ ತಪ್ಪಿದ. ಆದರೆ ಅವನ ತಪ್ಪನ್ನು ಇಂದು ನೆನೆಯುವವರು ಕಡಮೆ. ಹಿಂದೆ ಬಂದ ಮೂವರು ಅದನ್ನು ಹಂಚಿಕೊಂಡು ತೀರಿಸಿಬಿಟ್ಟರು.

ಭಾರತದ ಫುಟ್‌ಬಾಲಿಗೂ ಇಂಥದೊಂದು ನೆನಪುಂಟು. 1962ರ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ರಕ್ಷಣೆಯ ಹೆಬ್ಬಂಡೆಯಾಗಿದ್ದ ಜರ್ನೈಲ್ ಸಿಂಗ್ ಥಾಯ್ಲೆಂಡಿನೊಡನೆ ಆಡುವಾಗ ತಲೆಗೆ ಪೆಟ್ಟು ತಿಂದು ಹೊಲಿಗೆ ಹಾಕಿಸಿಕೊಂಡ. ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅವನನ್ನು ಕೈಬಿಡಲಿಲ್ಲ. ಆದರೆ ಹಳೆಯ ಜಾಗದಲ್ಲಿ ನಿಲ್ಲಿಸಲೂ ಇಲ್ಲ. ರಕ್ಷಣೆಯನ್ನು ಅರುಣ್ ಘೋಷ್, ಚಂದ್ರಶೇಖರ್, ತ್ರಿಲೋಕ್ ಸಿಂಗರಿಗೆ ಒಪ್ಪಿಸಿ, ಜರ್ನೈಲನನ್ನು ಸೆಂಟರ್ ಫಾರ್ವರ್ಡ್ ಆಗಿ ಮುಂದೆ ಕಳುಹಿಸಿದರು. ಅವನು ಸೆಮಿಫೈನಲಿನಲ್ಲೊಂದು, ಫೈನಲಿನಲ್ಲೊಂದು ಗೋಲು ಹೊಡೆದ. ದಕ್ಷಿಣ ಕೊರಿಯವನ್ನು ಎರಡಕ್ಕೆ ಒಂದರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಗಾಯಾಳುವಿನ ಶೌರ್ಯವನ್ನು ಬಳಸಿಕೊಂಡರೂ ಗೋಡೆಯನ್ನು ಆ ಗಾಯದ ಮೇಲೆ ಕಟ್ಟದಿದ್ದುದು ರಹೀಮರ ಜಾಣತನ. ಆ ವೇಳೆಗೆ ಸ್ವತಃ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಮರುವರ್ಷವೇ ತೀರಿಕೊಂಡರು.

ಇನ್ನು ಮರಳಿ ಅಡಿಗೆಮನೆಗೆ. ಜ್ವರದಲ್ಲಿ ಎದ್ದು ಬಂದು ಅಡಿಗೆ ಮಾಡಿದ ತಾಯಿಯನ್ನು ಹೊಗಳುವುದು ಸುಲಭ. ಆಕೆಯ ಕೈಯಿಂದ ಸೌಟನ್ನು ತೆಗೆದುಕೊಳ್ಳುವುದು ಕಷ್ಟ. ತೆಗೆದುಕೊಂಡ ಮಗಳು ಮೊದಲ ದಿನ ಉಪ್ಪನ್ನು ಹೆಚ್ಚಾಗಿಯೇ ಹಾಕುತ್ತಾಳೆ. ಮಗ ಅನ್ನವನ್ನು ಸೀಯಿಸುತ್ತಾನೆ. ಕೋಣೆಯೊಳಗಿನಿಂದ ಆಕೆ, “ಬಿಡ್ರೇ, ನಾನೇ ಬರ್ತೀನಿ” ಎನ್ನುತ್ತಾಳೆ. ಆಗ ಯಜಮಾನರು ಮಾಡಬೇಕಾದ ಕೆಲಸ ಒಂದೇ: ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಎಲೆಯ ಮುಂದೆ ಕುಳಿತು, ಉಪ್ಪಾದ ಸಾರನ್ನು ಮಾತಿಲ್ಲದೆ ಉಣ್ಣುವುದು.